ಪತ್ರ ಬರೆದವರ ಪೆಟ್ಟಿಗೆಯಲ್ಲಿ ಆ ಪತ್ರ ಇರುವುದಿಲ್ಲ: ಹಸ್ತಪ್ರತಿ ಸಂಗ್ರಹ ನೋಡಲು ಹೊರಟವರಿಗೆ ಒಂದು ಟಿಪ್ಪಣಿ

ಮೊದಲು ಪದದ ಗೊಂದಲ ಮುಗಿಸಿಬಿಡೋಣ. ಕನ್ನಡದಲ್ಲಿ ಹಸ್ತಪ್ರತಿ ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಓಲೆಗರಿ, ಯಾವುದೋ ಕಾವ್ಯದ ನಕಲು, ಪಾಠಾಂತರ. ಇತಿಹಾಸ ಸಂಘಗಳ ಆರ್ಕೈವ್‌ನಲ್ಲಿ (ಹಳೆಯ ಕಾಗದಪತ್ರ ಕಾಪಾಡುವ ಜಾಗದಲ್ಲಿ) ‘ಮ್ಯಾನ್ಯುಸ್ಕ್ರಿಪ್ಟ್ ಕಲೆಕ್ಷನ್’ ಅಂದರೆ ಅದಲ್ಲ. ಒಬ್ಬ ವ್ಯಕ್ತಿ, ಒಂದು ಮನೆತನ, ಒಂದು ಅಂಗಡಿ ಅಥವಾ ಒಂದು ಸಂಘ ತನ್ನ ಪಾಡಿಗೆ ಕೆಲಸ ಮಾಡಿಕೊಂಡು ಹೋಗುವಾಗ ತಾನಾಗಿ ಕೂಡಿಬಿದ್ದ ಕಾಗದಗಳು ಅವು. ಪತ್ರ, ದಿನಚರಿ, ಲೆಕ್ಕದ ಪುಸ್ತಕ, ಕ್ರಯಪತ್ರ, ಸಭೆಯ ನಡಾವಳಿ, ಫೋಟೊ, ಎಲ್ಲವೂ ಇರುತ್ತವೆ. ಟೈಪ್ ಮಾಡಿದ್ದೂ ಇರುತ್ತದೆ, ಆದರೂ ಹೆಸರು ಮ್ಯಾನ್ಯುಸ್ಕ್ರಿಪ್ಟ್ ಅಂತಲೇ.

ಸರ್ಕಾರಿ ದಾಖಲಾತಿ ಕಚೇರಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಸರ್ಕಾರಿ ಕಚೇರಿಗೆ ಕಡತಗಳು ನಿಯಮದ ಪ್ರಕಾರ ಬರುತ್ತವೆ. ಇತಿಹಾಸ ಸಂಘಕ್ಕೆ ಯಾರಾದರೂ ತಂದುಕೊಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಅಟ್ಟ ಇದ್ದ ಮನೆಯವರ, ಓದುಬರಹ ಬಲ್ಲವರ, ಒಂದೇ ಕಡೆ ತಲೆಮಾರುಗಟ್ಟಲೆ ನೆಲೆನಿಂತವರ ಕಾಗದ ಜಾಸ್ತಿ. ಕೂಲಿಯವರು ಸಿಗುವುದು ಬೇರೆಯವರ ಲೆಕ್ಕದ ಪುಸ್ತಕದ ಒಂದು ಸಾಲಿನಲ್ಲಿ. ಮದುವೆಯಾದ ಹೆಂಗಸರು ಎಷ್ಟೋ ಸಲ ಗಂಡನ ಹೆಸರಿನ ಹಿಂದೆ ‘ಮಿಸೆಸ್’ ಆಗಿ ಅಡಗಿ ಕೂತಿರುತ್ತಾರೆ. ಇದನ್ನು ಶುರುವಿನಲ್ಲೇ ತಿಳಿದಿರಬೇಕು, ಇಲ್ಲದಿದ್ದರೆ ಸಂಗ್ರಹದಲ್ಲಿ ಇಲ್ಲದ್ದು ಊರಲ್ಲೇ ಇರಲಿಲ್ಲ ಅಂದುಕೊಂಡುಬಿಡುತ್ತೇವೆ.

ಈಗ ಮುಖ್ಯ ವಿಷಯ. ಗ್ರಂಥಾಲಯದಲ್ಲಿ ಪುಸ್ತಕಗಳನ್ನು ವಿಷಯದ ಪ್ರಕಾರ ಜೋಡಿಸುತ್ತಾರೆ. ಆರ್ಕೈವ್‌ನಲ್ಲಿ ಯಾರಿಂದ ಬಂತು ಎಂಬುದರ ಪ್ರಕಾರ ಇಡುತ್ತಾರೆ. ಇದಕ್ಕೆ ಪ್ರೊವೆನೆನ್ಸ್ ಅಂತ ಹೆಸರು. ಒಬ್ಬರ ಕಾಗದವನ್ನು ಇನ್ನೊಬ್ಬರ ಕಾಗದದ ಜೊತೆ ಬೆರೆಸಬಾರದು, ಅಷ್ಟೇ. ಇದು ಫ್ರಾನ್ಸ್‌ನಲ್ಲಿ 1841ರ ಒಂದು ಸರ್ಕಾರಿ ಸುತ್ತೋಲೆಯಿಂದ ನಿಯಮವಾಯಿತು. ಅದರ ಹಿಂದೆ ಇದ್ದವರು ಅಲ್ಲಿನ ಆರ್ಕೈವ್ ಅಧಿಕಾರಿ ನತಾಲಿಸ್ ದ ವೈಯಿ. ಇದರ ಜೊತೆಗೇ ಬರುವ ಇನ್ನೊಂದು ನಿಯಮ ಒರಿಜಿನಲ್ ಆರ್ಡರ್: ಮಾಲೀಕರು ಇಟ್ಟಿದ್ದ ಕ್ರಮವನ್ನೇ ಉಳಿಸಬೇಕು. ಹಾಲೆಂಡಿನ ಮೂವರು ಆರ್ಕೈವಿಸ್ಟರು 1898ರಲ್ಲಿ ಬರೆದ ಕೈಪಿಡಿ ಇದನ್ನೆಲ್ಲ ನೂರು ನಿಯಮಗಳಾಗಿ ಬಿಡಿಸಿಟ್ಟಿತು.

ಸುಮ್ನೆ ಹಠ ಅನ್ನಿಸುತ್ತದೆ, ಅಲ್ವಾ? ನನಗೂ ಅನ್ನಿಸಿತ್ತು. ಆದರೆ ಒಂದು ಕಂತೆಯಲ್ಲಿ ಸಾಲದ ಪತ್ರ, ಅದರ ಕೆಳಗೆ ವಕೀಲರ ಉತ್ತರ, ಅದರ ಕೆಳಗೆ ಮಗಳ ಮದುವೆಯ ಖರ್ಚಿನ ಪಟ್ಟಿ ಇದೆ ಅಂದುಕೊಳ್ಳಿ. ಮೂರೂ ಒಂದೇ ದಾರದಲ್ಲಿ ಕಟ್ಟಿದ್ದಕ್ಕೇ ಸಾಲ ಯಾತಕ್ಕೆ ಅಂತ ಗೊತ್ತಾಗುತ್ತದೆ. ಸಾಲವನ್ನು ‘ಹಣಕಾಸು’ ಫೋಲ್ಡರ್‌ಗೂ ಮದುವೆಯನ್ನು ‘ಕುಟುಂಬ’ ಫೋಲ್ಡರ್‌ಗೂ ಹಾಕಿದರೆ ಆ ಕಥೆ ಅಲ್ಲಿಗೇ ಹೋಯಿತು. ಇನ್ನೂ ಕೆಟ್ಟ ಉದಾಹರಣೆ ಬೇಕಾದರೆ ಜೇರೆಡ್ ಸ್ಪಾರ್ಕ್ಸ್ ಇದ್ದಾರೆ. ಜಾರ್ಜ್ ವಾಷಿಂಗ್ಟನ್‌ರ ಕಾಗದಗಳನ್ನು ಸಂಪಾದಿಸಿದ ಈ ಇತಿಹಾಸಕಾರರು, ವಾಷಿಂಗ್ಟನ್ ಕೈಬರಹದಲ್ಲೇ ಇದ್ದ ಮೊದಲ ಪದಗ್ರಹಣ ಭಾಷಣದ ಒಂದು ಕರಡನ್ನು ಕತ್ತರಿಯಿಂದ ತುಂಡು ಮಾಡಿ, ಕೈಬರಹದ ನೆನಪು ಬೇಕು ಅಂತ ಕೇಳಿದವರಿಗೆಲ್ಲ ಹಂಚಿದರು. ಆ ತುಂಡುಗಳು ಎಲ್ಲೆಲ್ಲೋ ಚದುರಿಹೋದವು.

ಇದರಿಂದ ನಮ್ಮ ಹುಡುಕಾಟಕ್ಕೆ ಏನು ಬದಲಾಗುತ್ತದೆ? ಎಲ್ಲವೂ. ನಾನು ಮೊದಲ ಸಲ ಒಂದು ಸಂಗ್ರಹಾಲಯದ ಪಟ್ಟಿಯಲ್ಲಿ ‘1918 ಇನ್‌ಫ್ಲುಯೆಂಜಾ’ ಅಂತ ಹುಡುಕಿ, ಏನೂ ಸಿಗದೆ, ಇಲ್ಲಿ ಏನೂ ಇಲ್ಲ ಅಂತ ಬರೆದುಕೊಂಡು ಎದ್ದು ಬಂದಿದ್ದೆ. ದಡ್ಡತನ. 1918ರಲ್ಲಿ ಯಾರೂ ‘ಇನ್‌ಫ್ಲುಯೆಂಜಾ ಸಂಗ್ರಹ’ ಮಾಡುತ್ತಾ ಕೂತಿರಲಿಲ್ಲ. ಕೇಳಬೇಕಾದ ಪ್ರಶ್ನೆ ಬೇರೆ: ಆ ಜ್ವರ ಬಂದಾಗ ಯಾರು ಕಾಗದದ ಮೇಲೆ ಏನಾದರೂ ಬರೆಯಲೇಬೇಕಾಗಿತ್ತು? ವೈದ್ಯರು ರೋಗಿಗಳ ಮನೆಗೆ ಹೋದ ಲೆಕ್ಕ ಇಟ್ಟಿರುತ್ತಾರೆ. ಶವಪೆಟ್ಟಿಗೆ ಮಾಡುವ ಬಡಗಿ ಆ ತಿಂಗಳು ಎಷ್ಟು ಮಾರಿದೆ ಅಂತ ಬರೆದಿರುತ್ತಾನೆ. ಶಾಲಾ ಸಮಿತಿ ಬಾಗಿಲು ಮುಚ್ಚಲು ನಿರ್ಣಯ ಮಾಡಿರುತ್ತದೆ. ಚರ್ಚಿನಲ್ಲಿ ಹೂಳಿದವರ ಪಟ್ಟಿ ಉದ್ದವಾಗಿರುತ್ತದೆ. ಈ ನಾಲ್ಕರಲ್ಲಿ ಒಂದರ ಹೆಸರಿನಲ್ಲೂ ಜ್ವರ ಎಂಬ ಪದ ಇರುವುದಿಲ್ಲ.

ಇದೇ ಲೆಕ್ಕದಲ್ಲಿ ಬರುವ, ಹೊಸಬರೆಲ್ಲ ಎಡವುವ ಜಾಗ ಪತ್ರಗಳದ್ದು. ಒಬ್ಬರ ಸಂಗ್ರಹದಲ್ಲಿ ಇರುವುದು ಅವರಿಗೆ ಬಂದ ಪತ್ರಗಳು. ಅವರು ಬರೆದ ಪತ್ರ ಅಂಚೆಯಲ್ಲಿ ಹೋಗಿಬಿಟ್ಟಿತಲ್ಲ, ಅದು ತಲುಪಿದವರ ಮನೆಯಲ್ಲಿ ಉಳಿದಿರುತ್ತದೆ, ಉಳಿದಿದ್ದರೆ. ಹಾಗಾಗಿ ನೀವು ಹುಡುಕುತ್ತಿರುವ ವ್ಯಕ್ತಿಯ ಮಾತು ಬೇಕಾದರೆ ಅವರ ಗೆಳೆಯರ, ಶತ್ರುಗಳ, ಬೀಗರ ಪೆಟ್ಟಿಗೆ ತೆಗೆಯಬೇಕು. ಇದಕ್ಕೆ ಅಪವಾದಗಳಿವೆ. ಕೆಲವರು ಕರಡು ಇಟ್ಟುಕೊಳ್ಳುತ್ತಿದ್ದರು. ಜೇಮ್ಸ್ ವಾಟ್ (ಉಗಿಯಂತ್ರದ ವಾಟ್ ಅವರೇ) 1780ರಲ್ಲಿ ಒಂದು ನಕಲು ಯಂತ್ರಕ್ಕೆ ಪೇಟೆಂಟ್ ಪಡೆದರು. ಶಾಯಿ ಬರಹದ ಮೇಲೆ ಒದ್ದೆಮಾಡಿದ ತೆಳು ಕಾಗದ ಇಟ್ಟು ಒತ್ತಿದರೆ ಅಕ್ಷರ ತಿರುಗುಮುರುಗಾಗಿ ಮೂಡುತ್ತದೆ, ಕಾಗದ ತೆಳುವಾದ್ದರಿಂದ ಇನ್ನೊಂದು ಬದಿಯಿಂದ ನೇರವಾಗಿ ಓದಬಹುದು. ವ್ಯಾಪಾರಿಗಳ ಸಂಗ್ರಹದಲ್ಲಿ ‘ಲೆಟರ್ ಬುಕ್’ ಅಂತ ಕಂಡರೆ ಬಿಡಬೇಡಿ, ಅವರು ಕಳಿಸಿದ ಪತ್ರಗಳ ನಕಲು ಇರುವುದು ಅಲ್ಲೇ. ಗಂಡ ಹೆಂಡತಿ ಪತ್ರಗಳಾದರೆ ಅದೃಷ್ಟ, ಎರಡೂ ಕಡೆಯದು ಒಂದೇ ಮನೆಗೆ ವಾಪಸ್ ಬಂದು ಸೇರುತ್ತದೆ. 1791ರಲ್ಲಿ ಬಾಸ್ಟನ್ನಿನಲ್ಲಿ ಶುರುವಾದ ಮ್ಯಾಸಚೂಸೆಟ್ಸ್ ಹಿಸ್ಟಾರಿಕಲ್ ಸೊಸೈಟಿ ಅಮೆರಿಕದ ಮೊದಲ ಇತಿಹಾಸ ಸಂಘ. ಅಮೆರಿಕದ ಎರಡನೇ ಅಧ್ಯಕ್ಷ ಜಾನ್ ಆಡಮ್ಸ್ ಮತ್ತು ಅವರ ಹೆಂಡತಿ ಅಬಿಗೇಲ್ ಪರಸ್ಪರ ಬರೆದ 1,100ಕ್ಕೂ ಹೆಚ್ಚು ಪತ್ರಗಳು ಅಲ್ಲಿವೆ. ಪ್ರಶ್ನೆಯೂ ಇದೆ, ಉತ್ತರವೂ ಇದೆ. ಇಂಥದ್ದು ಅಪರೂಪ.

ಪೆಟ್ಟಿಗೆ ತೆಗೆಯುವ ಮೊದಲು ‘ಫೈಂಡಿಂಗ್ ಏಡ್’ ಓದಿ. ಅದು ಸಂಗ್ರಹದ ಕೈಪಟ್ಟಿ. ಮೊದಲಿಗೆ ಯಾರ ಕಾಗದ, ಅವರ ಬದುಕಿನ ಕಿರು ಪರಿಚಯ, ಒಳಗೆ ಏನಿದೆ, ಹೇಗೆ ಬಂತು, ಕೊನೆಗೆ ಪೆಟ್ಟಿಗೆ ಮತ್ತು ಫೋಲ್ಡರ್‌ಗಳ ಪಟ್ಟಿ. ಎಲ್ಲರೂ ಕೊನೆಯ ಪಟ್ಟಿಗೇ ಹಾರುತ್ತಾರೆ. ನನ್ನ ಪ್ರಕಾರ ‘ಹೇಗೆ ಬಂತು’ ಎಂಬ ಎರಡು ಸಾಲೇ ಬಹಳ ಮುಖ್ಯ. ಮೊಮ್ಮಗಳು ಕೊಟ್ಟದ್ದೋ, ಹರಾಜಿನಲ್ಲಿ ಕೊಂಡದ್ದೋ? ಕೊಡುವ ಮೊದಲು ಮನೆಯವರು ಏನೇನು ಸುಟ್ಟಿರಬಹುದು ಎಂಬ ಅನುಮಾನ ಹುಟ್ಟಬೇಕಾದದ್ದು ಅಲ್ಲೇ. ವರ್ಷಗಳನ್ನು ‘1890–1946, ಹೆಚ್ಚಿನವು 1915–1930’ ಅಂತ ಬರೆದಿದ್ದರೆ, 1890ರದ್ದು ಒಂದೇ ಒಂದು ಚೀಟಿ ಇರಬಹುದು, ಆಸೆ ಇಟ್ಟುಕೊಳ್ಳಬೇಡಿ. ಚೌಕ ಆವರಣದೊಳಗಿನ ತಾರೀಖು ಕಾಗದದಲ್ಲಿ ಇದ್ದದ್ದಲ್ಲ, ಆರ್ಕೈವಿಸ್ಟರ ಊಹೆ. ಗಾತ್ರವನ್ನು ‘ಲೀನಿಯರ್ ಫೀಟ್’ನಲ್ಲಿ ಹೇಳುತ್ತಾರೆ, ಅಂದರೆ ಕಪಾಟಿನಲ್ಲಿ ಹಿಡಿಯುವ ಜಾಗ ಎಷ್ಟು ಅಡಿ ಅಂತ. ಒಂದು ಅಡಿ ಅಂದರೆ ಸಾವಿರಕ್ಕೂ ಜಾಸ್ತಿ ಹಾಳೆ. ಮೂವತ್ತು ಅಡಿಯ ಸಂಗ್ರಹವನ್ನು ಒಂದು ಮಧ್ಯಾಹ್ನದಲ್ಲಿ ನೋಡಿ ಮುಗಿಸುತ್ತೇನೆ ಅನ್ನುವವರನ್ನು ಕಂಡರೆ ನಗು ಬರುತ್ತದೆ.

ಪಟ್ಟಿ ತೆಳ್ಳಗಿದ್ದರೆ ಬೈಯಬೇಡಿ. ರಾಶಿ ಬಿದ್ದ ಸಂಗ್ರಹಗಳನ್ನು ಬೇಗ ಓದುಗರಿಗೆ ಕೊಡಬೇಕು, ಪ್ರತಿ ಹಾಳೆಯನ್ನೂ ನೋಡುತ್ತಾ ಕೂರಬಾರದು ಅಂತ ಅಮೆರಿಕದ ಆರ್ಕೈವಿಸ್ಟರಾದ ಮಾರ್ಕ್ ಗ್ರೀನ್ ಮತ್ತು ಡೆನಿಸ್ ಮೈಸ್ನರ್ 2005ರಲ್ಲಿ ವಾದಿಸಿದರು. ಎಷ್ಟೋ ಕಡೆ ಈಗ ಫೋಲ್ಡರ್ ಮಟ್ಟಕ್ಕೇ ನಿಲ್ಲಿಸುತ್ತಾರೆ. ನನಗೆ ಇದು ಸರಿ ಅನ್ನಿಸುತ್ತದೆ, ಹುಡುಕುವ ಕೆಲಸ ನಮ್ಮ ತಲೆಗೆ ಬಂದರೂ.

ತಾರೀಖಿನ ಬಗ್ಗೆ ಒಂದು ಎಚ್ಚರಿಕೆ. 1752ರವರೆಗೆ ಇಂಗ್ಲೆಂಡ್ ಮತ್ತು ಅದರ ವಸಾಹತುಗಳಲ್ಲಿ ಹಳೆಯ ಕ್ಯಾಲೆಂಡರ್ ಇತ್ತು, ಹೊಸ ವರ್ಷ ಶುರುವಾಗುತ್ತಿದ್ದದ್ದು ಮಾರ್ಚ್ 25ಕ್ಕೆ. ಆ ವರ್ಷ ಸೆಪ್ಟೆಂಬರ್ 2ರ ಮರುದಿನ 14 ಬಂತು. ವಾಷಿಂಗ್ಟನ್ ಹುಟ್ಟಿದ ದಿನ ಹಳೆಯ ಲೆಕ್ಕದಲ್ಲಿ ಫೆಬ್ರವರಿ 11, 1731/2 (ವರ್ಷ ಮಾರ್ಚ್‌ನಿಂದ ಎಣಿಸಿದರೆ 1731, ಜನವರಿಯಿಂದ ಎಣಿಸಿದರೆ 1732). ಹೊಸದರಲ್ಲಿ ಫೆಬ್ರವರಿ 22, 1732. ಎರಡು ವರ್ಷ ಬರೆದದ್ದು ಕಂಡರೆ ತಪ್ಪು ಅಂತ ತಿದ್ದಬೇಡಿ.

ಇನ್ನು ಕೆಲವು ಪತ್ರಗಳಲ್ಲಿ ಸಾಲಿನ ಮೇಲೆ ಅಡ್ಡಡ್ಡವಾಗಿ ಇನ್ನೊಂದು ಸುತ್ತು ಬರೆದಿರುತ್ತಾರೆ, ಜಾಲರಿಯ ಹಾಗೆ. ಬ್ರಿಟನ್ನಿನಲ್ಲಿ 1840ಕ್ಕೆ ಮೊದಲು ಅಂಚೆ ಶುಲ್ಕ ದೂರಕ್ಕೂ ಹಾಳೆಗಳ ಎಣಿಕೆಗೂ ತಕ್ಕ ಹಾಗೆ ಇತ್ತು, ಅದನ್ನು ಸಾಮಾನ್ಯವಾಗಿ ಕೊಡುತ್ತಿದ್ದದ್ದು ಪತ್ರ ಪಡೆದವರು. ಒಂದೇ ಹಾಳೆಯಲ್ಲಿ ತುಂಬಿದರೆ ಅವರ ದುಡ್ಡು ಉಳಿಯಿತು. ಓದಲು ಹಾಳೆಯನ್ನು ತುಸು ವಾರೆ ಹಿಡಿದು ಒಂದು ದಿಕ್ಕಿನ ಸಾಲನ್ನಷ್ಟೇ ನೋಡುತ್ತಾ ಹೋಗಿ, ಹತ್ತು ನಿಮಿಷಕ್ಕೆ ಕಣ್ಣು ಒಗ್ಗುತ್ತದೆ.

ಕಾಗದ ಮುಟ್ಟುವಾಗ ಬಿಳಿ ಕೈಗವಸು ಬೇಡ, ಅದು ಟಿವಿಯವರ ಚಟ. ಗವಸಿನಲ್ಲಿ ಬೆರಳಿಗೆ ಹಿಡಿತ ಸಿಗದೆ ಅಂಚು ಹರಿಯುತ್ತದೆ. ತೊಳೆದು ಒರೆಸಿದ ಕೈ ಸಾಕು. ಫೋಟೊ, ನೆಗೆಟಿವ್‌ಗೆ ಮಾತ್ರ ಗವಸು. ಹಳೆಯದು ಜಾಸ್ತಿ ಸೂಕ್ಷ್ಮ ಎಂಬುದೂ ಪೂರ್ತಿ ನಿಜವಲ್ಲ. ಬಟ್ಟೆ ಚಿಂದಿಯಿಂದ ಮಾಡಿದ 1780ರ ಕಾಗದ ಎಷ್ಟೋ ಸಲ ಗಟ್ಟಿಯಾಗಿರುತ್ತದೆ, ಮರದ ತಿರುಳಿನಿಂದ ಮಾಡಿದ 1920ರ ಪತ್ರಿಕೆಯ ತುಣುಕು ಆಮ್ಲದಿಂದ ಹಪ್ಪಳದ ಹಾಗೆ ಮುರಿಯುತ್ತದೆ. ಹಳೆಯದರಲ್ಲಿ ಹೆದರಬೇಕಾದದ್ದು ಶಾಯಿಗೆ. ಓಕ್ ಮರದ ಗಂಟುಕಾಯಿ ಮತ್ತು ಕಬ್ಬಿಣದ ಲವಣದಿಂದ ಮಾಡಿದ ಶಾಯಿ ಕಂದಾಗುತ್ತಾ ಕಾಗದವನ್ನೇ ತಿಂದು, ಅಕ್ಷರದ ಜಾಗದಲ್ಲಿ ತೂತು ಬೀಳಿಸುತ್ತದೆ.

ಹಕ್ಕಿನ ವಿಷಯ ಬಿಟ್ಟರೆ ಆಮೇಲೆ ಒದ್ದಾಡುತ್ತೀರಿ. ಸಂಘದ ಹತ್ತಿರ ಕಾಗದ ಇದೆ ಅಂದ ಮಾತ್ರಕ್ಕೆ ಅದರಲ್ಲಿನ ಬರಹದ ಹಕ್ಕು ಸಂಘದ್ದಲ್ಲ. ಪತ್ರ ಪಡೆದವರದ್ದೂ ಅಲ್ಲ, ಬರೆದವರದ್ದು, ಅವರ ನಂತರ ವಾರಸುದಾರರದ್ದು. ಅಮೆರಿಕದ ಕಾನೂನಿನಲ್ಲಿ ಪ್ರಕಟವಾಗದ ಬರಹಕ್ಕೆ ಸಾಮಾನ್ಯವಾಗಿ ಬರೆದವರು ತೀರಿಕೊಂಡು 70 ವರ್ಷದವರೆಗೆ ರಕ್ಷಣೆ ಇದೆ, ಬರೆದವರು ಯಾರೆಂದೇ ಗೊತ್ತಿಲ್ಲದಿದ್ದರೆ ಬರೆದ ದಿನದಿಂದ 120 ವರ್ಷ. ದಾನಪತ್ರದಲ್ಲಿ ದಾನಿಗಳು ಬೇರೆ ಷರತ್ತು ಹಾಕಿರಬಹುದು, ಕೇಳಿ ನೋಡಿ.

ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಪ್ರತಿ ಫೋಟೊಗೂ ಮುನ್ನ ಸಂಗ್ರಹದ ಹೆಸರು, ಪೆಟ್ಟಿಗೆ, ಫೋಲ್ಡರ್ ಸಂಖ್ಯೆ ಬರೆದ ಚೀಟಿಯನ್ನು ಪಕ್ಕದಲ್ಲಿಟ್ಟು ಕ್ಲಿಕ್ ಮಾಡಿ. ನನ್ನ ಫೋನಿನಲ್ಲಿ ಇನ್ನೂ ನಲವತ್ತು ಚಿತ್ರ ಬಿದ್ದಿವೆ, ಬಹಳ ಚೆನ್ನಾಗಿರುವ ಪತ್ರಗಳು, ಯಾವ ಪೆಟ್ಟಿಗೆಯವು ಅಂತ ಮಾತ್ರ ಗೊತ್ತಿಲ್ಲ.