ಪಕ್ಷವಿಲ್ಲದವರು ಪಂಚಾಯಿತಿ ಮತ ಎಣಿಕೆಗೆ ಹೋಗಿ ಕೂರಬಹುದೇ?

ಪ್ರಶ್ನೆ: ನಾನು ಯಾವ ಪಕ್ಷದವನೂ ಅಲ್ಲ, ಯಾವ ಬಣದವನೂ ಅಲ್ಲ. ಗ್ರಾಮ ಪಂಚಾಯಿತಿ ಚುನಾವಣೆಯ ಮತ ಎಣಿಕೆಯನ್ನು ಒಳಗೇ ಕೂತು ನೋಡಬೇಕೆಂಬ ಆಸೆ. ಸ್ವಯಂಪ್ರೇರಣೆಯಿಂದ ವೀಕ್ಷಕನಾಗಿ ಹೋಗಬಹುದೇ? ಅರ್ಜಿ ಯಾರಿಗೆ ಕೊಡಬೇಕು?

ಉತ್ತರ: ವೀಕ್ಷಕರಾಗಿ ಹೋಗಲು ಆಗದು, ಯಾರಾದರೂ ಅಭ್ಯರ್ಥಿಯ ಪರವಾಗಿ ಎಣಿಕೆ ಏಜೆಂಟರಾಗಿ ಹೋಗಬಹುದು. ಅರ್ಜಿಗಿಂತ ಮೊದಲು ನೀವು ಹುಡುಕಬೇಕಾದದ್ದು ಒಬ್ಬ ಅಭ್ಯರ್ಥಿಯನ್ನು.

ನಮ್ಮಲ್ಲಿ ಚುನಾವಣಾ ವೀಕ್ಷಕರೆಂದರೆ ಆಯೋಗವೇ ನೇಮಿಸುವ ಹಿರಿಯ ಅಧಿಕಾರಿಗಳು. ಪಂಚಾಯಿತಿ ಚುನಾವಣೆ ನಡೆಸುವುದು ದೆಹಲಿಯ ಆಯೋಗವಲ್ಲ, ಸಂವಿಧಾನದ 243ಕೆ ವಿಧಿಯಡಿ ರಚನೆಯಾದ ರಾಜ್ಯ ಚುನಾವಣಾ ಆಯೋಗ. ಅದು ಕಳಿಸುವ ವೀಕ್ಷಕರೂ ಸರ್ಕಾರಿ ಸೇವೆಯವರೇ. ಎಣಿಕೆ ಕೊಠಡಿಯಲ್ಲಿ ಕೂರುವ ಹಕ್ಕು ಇರುವುದು ಅಧಿಕಾರಿಗಳಿಗೆ, ಎಣಿಕೆ ಸಿಬ್ಬಂದಿಗೆ, ಅಭ್ಯರ್ಥಿಗಳಿಗೆ ಮತ್ತು ಅವರ ಏಜೆಂಟರಿಗೆ. ತಟಸ್ಥ ನಾಗರಿಕನಿಗೆ ಅಲ್ಲೊಂದು ಕುರ್ಚಿ ಹಾಕಿಲ್ಲ. ಇದು ಎಲ್ಲ ದೇಶಗಳ ಕಥೆಯಲ್ಲ. ಬ್ರಿಟನ್ನಿನಲ್ಲಿ 16 ವರ್ಷ ತುಂಬಿದ ಯಾರೇ ಆಗಲಿ ಅಲ್ಲಿನ ಆಯೋಗಕ್ಕೆ ಅರ್ಜಿ ಹಾಕಿ ಮಾನ್ಯತೆ ಪಡೆದ ವೀಕ್ಷಕರಾಗಬಹುದು. ಜರ್ಮನಿಯಲ್ಲಿ ಮತಗಟ್ಟೆಯ ಎಣಿಕೆ ಸಾರ್ವಜನಿಕರಿಗೆ ತೆರೆದೇ ಇರುತ್ತದೆ. ನಮ್ಮಲ್ಲೂ ಅಂಥ ಒಂದು ಬೆಂಚು ಇದ್ದಿದ್ದರೆ ಚೆನ್ನಾಗಿತ್ತು ಎಂಬುದು ನನ್ನ ಅಭಿಪ್ರಾಯ. ಸದ್ಯಕ್ಕಂತೂ ಇಲ್ಲ.

ಹಾಗಾದರೆ ದಾರಿ ಯಾವುದು? ಗ್ರಾಮ ಪಂಚಾಯಿತಿ ಚುನಾವಣೆ ಪಕ್ಷರಹಿತ. ಒಳಗೊಳಗೆ ಯಾರು ಯಾರ ಕಡೆ ಎಂಬುದು ಊರಿಗೆಲ್ಲ ಗೊತ್ತು, ಆ ಮಾತು ಬೇರೆ; ಮತಪತ್ರದ ಮೇಲೆ ಮಾತ್ರ ಪಕ್ಷದ ಚಿಹ್ನೆ ಇರುವುದಿಲ್ಲ. ಆದ್ದರಿಂದ ಹಿಂದೆ ಜನಬಲವಿಲ್ಲದ ಅಭ್ಯರ್ಥಿಗಳು ಪ್ರತಿ ವಾರ್ಡಿನಲ್ಲೂ ಒಬ್ಬಿಬ್ಬರು ಸಿಗುತ್ತಾರೆ. ಬೆಳಗ್ಗೆಯಿಂದ ರಾತ್ರಿವರೆಗೆ ತಾಳ್ಮೆಯಿಂದ ಕೂತು ಲೆಕ್ಕ ಬರೆಯುವವರು ಅವರಿಗೆ ಬೇಕೇ ಬೇಕು. ಅಂಥವರನ್ನು ನಾಮಪತ್ರ ವಾಪಸಾತಿ ಮುಗಿದ ಕೂಡಲೇ ಕೇಳಿ. ಒಂದು ವಾರ್ಡಿನ ಎಣಿಕೆ ಒಂದೇ ಮೇಜಿನಲ್ಲಿ ಮುಗಿಯುವುದುಂಟು, ಹಾಗಾಗಿ ಪಾಸುಗಳು ಕಡಿಮೆ. ತಡಮಾಡಿದರೆ ಅದು ಅವರ ಭಾವಮೈದುನನ ಪಾಲಾಗಿರುತ್ತದೆ. ಅಭ್ಯರ್ಥಿ ನಿಗದಿತ ನಮೂನೆಯಲ್ಲಿ ನಿಮ್ಮ ಹೆಸರು ಬರೆದು, ಸಹಿ ಹಾಕಿ, ನಿಮ್ಮ ಭಾವಚಿತ್ರದೊಂದಿಗೆ ಚುನಾವಣಾಧಿಕಾರಿಗೆ ಕೊಡಬೇಕು. ಕೊನೆಯ ದಿನ ಯಾವುದೆಂದು ಆ ಕಚೇರಿಯಲ್ಲೇ ಕೇಳಿಕೊಳ್ಳಿ. ಸರ್ಕಾರಿ ನೌಕರರು ಏಜೆಂಟರಾಗುವಂತಿಲ್ಲ. ನೀವು ಶಿಕ್ಷಕರೋ ಗ್ರಾಮ ಆಡಳಿತಾಧಿಕಾರಿಯೋ ಆಗಿದ್ದರೆ ಈ ಆಸೆಯನ್ನು ಇಲ್ಲಿಗೇ ಬಿಡಿ.

ಒಬ್ಬ ಅಭ್ಯರ್ಥಿಯ ಹೆಸರಿನಲ್ಲಿ ಒಳಗೆ ಹೋದರೆ ತಟಸ್ಥನಾಗಿ ಉಳಿದಂತಾಯಿತೇ ಎಂಬ ಅನುಮಾನ ನಿಮಗೆ ಬರಬಹುದು. ಕಾಗದದ ಮೇಲೆ ನೀವು ಅವರ ಪ್ರತಿನಿಧಿ, ಅದನ್ನು ಮುಚ್ಚಿಟ್ಟು ಫಲವಿಲ್ಲ. ‘ನಿಮ್ಮ ಪರವಾಗಿ ತಪ್ಪಾಗಿ ಸೇರಿದ ಮತವನ್ನೂ ನಾನು ಬರೆದುಕೊಳ್ಳುತ್ತೇನೆ, ಒಪ್ಪಿಗೆಯೇ?’ ಎಂದು ಮೊದಲೇ ಕೇಳಿಬಿಡಿ. ಹೂಂ ಅನ್ನದ ಅಭ್ಯರ್ಥಿಯ ಪಾಸು ನಿಮಗೆ ಬೇಡ.

ಇನ್ನು ಎಣಿಕೆಯ ವಿಚಾರ. 2020ರ ಡಿಸೆಂಬರ್ 22 ಮತ್ತು 27ರಂದು ಎರಡು ಹಂತಗಳಲ್ಲಿ ಮತದಾನವಾಗಿ, 30ರಂದು ಎಣಿಕೆಯಾಯಿತಲ್ಲ, ಆಗ ಬೀದರ್ ಜಿಲ್ಲೆಯಲ್ಲಿ ಮಾತ್ರ ಮತಯಂತ್ರ ಬಳಸಿದ್ದರು. ಉಳಿದೆಡೆಯೆಲ್ಲ ಮತಪತ್ರ, ಮತಪೆಟ್ಟಿಗೆ. 2025ರ ಸೆಪ್ಟೆಂಬರಿನಲ್ಲಿ ರಾಜ್ಯ ಸಚಿವ ಸಂಪುಟ ಎಲ್ಲ ಸ್ಥಳೀಯ ಸಂಸ್ಥೆಗಳ ಚುನಾವಣೆಗೂ ಮತಪತ್ರವನ್ನೇ ಬಳಸುವಂತೆ ಶಿಫಾರಸು ಮಾಡಿತು. ಹಾಗಾಗಿ ಯಂತ್ರದ ಕಾಲ ಬಂದ ಮೇಲೆ ಅನೇಕರು ಮರೆತಿರುವ ಕಾಗದದ ಎಣಿಕೆಯನ್ನು ಮತ್ತೆ ಕಲಿಯುವುದು ಒಳ್ಳೆಯದು.

ಹೊಸಬರ ಕಣ್ಣೆಲ್ಲ ಪೆಟ್ಟಿಗೆಯ ಸೀಲಿನ ಮೇಲಿರುತ್ತದೆ. ಸೀಲು ನೋಡಬೇಕು, ಸರಿಯೇ. ಆದರೆ ನಿಜವಾದ ಕೀಲಿ ಇರುವುದು ಮತಪತ್ರ ಲೆಕ್ಕದಲ್ಲಿ. ಮತದಾನ ಮುಗಿದ ಸಂಜೆ ಮತಗಟ್ಟೆಯ ಅಧ್ಯಕ್ಷಾಧಿಕಾರಿ ಎಷ್ಟು ಮತಪತ್ರ ಬಂದಿತ್ತು, ಎಷ್ಟು ಖರ್ಚಾಯಿತು, ಎಷ್ಟು ಉಳಿಯಿತು, ಎಷ್ಟು ರದ್ದಾಯಿತು ಎಂದು ಒಂದು ಲೆಕ್ಕ ಬರೆಯುತ್ತಾರೆ. ಬೂತಿನಲ್ಲಿ ಕೂತ ಏಜೆಂಟ್ ಆ ಅಂಕಿಗಳನ್ನು, ಪೆಟ್ಟಿಗೆಯ ಸಂಖ್ಯೆಯ ಸಮೇತ, ಬರೆದುಕೊಂಡು ಬಂದಿರಬೇಕು. ಎಣಿಕೆಯ ದಿನ ಮೊದಲು ಯಾರಿಗೆ ಎಷ್ಟು ಮತ ಎಂದು ನೋಡುವುದಿಲ್ಲ. ಪೆಟ್ಟಿಗೆಯಲ್ಲಿ ಒಟ್ಟು ಎಷ್ಟು ಮತಪತ್ರ ಇವೆ ಎಂದು ಎಣಿಸಿ ಆ ಲೆಕ್ಕಕ್ಕೆ ತಾಳೆ ನೋಡುತ್ತಾರೆ. 412 ಮತಪತ್ರ ಹಾಕಿದ ಪೆಟ್ಟಿಗೆಯಲ್ಲಿ 412 ಸಿಗಬೇಕು. ಒಂದು ಕಡಿಮೆಯಾದರೆ ಯಾರೋ ಮತಪತ್ರವನ್ನು ಜೇಬಿಗೆ ಹಾಕಿಕೊಂಡು ಮನೆಗೆ ಹೋಗಿರಬಹುದು. ಒಂದು ಹೆಚ್ಚಾದರೆ ಪ್ರಶ್ನೆ ಕೇಳಲೇಬೇಕು. ಕೈಯಲ್ಲಿ ಆ ಸಂಜೆಯ ಅಂಕಿ ಇಲ್ಲದ ಏಜೆಂಟ್ ಎಣಿಕೆ ಕೊಠಡಿಯಲ್ಲಿ ಬರೀ ಪ್ರೇಕ್ಷಕ. ಆದ್ದರಿಂದ ನೀವು ಸಾಧ್ಯವಾದರೆ ಮತದಾನದ ದಿನವೂ ಅದೇ ಅಭ್ಯರ್ಥಿಯ ಮತಗಟ್ಟೆ ಏಜೆಂಟರಾಗಿ, ಇಲ್ಲವೇ ಆಗಿದ್ದವರ ಚೀಟಿಯನ್ನು ಇಸಿದುಕೊಳ್ಳಿ.

ಮುಂದಿನ ಭಾಗವೇ ನಿಜವಾದ ಕಸರತ್ತು. ವಿಧಾನಸಭೆಯಂತೆ ಒಬ್ಬರಿಗೊಂದೇ ಮತ ಎಂಬ ಸರಳ ಲೆಕ್ಕ ಇಲ್ಲಿಲ್ಲ. ವಾರ್ಡಿನಲ್ಲಿ 3 ಸ್ಥಾನಗಳಿದ್ದರೆ ಮತದಾರ ಒಂದೇ ಮತಪತ್ರದಲ್ಲಿ 3 ಜನರಿಗೆ ಗುರುತು ಹಾಕಬಹುದು. ಇಬ್ಬರಿಗೇ ಹಾಕಿ ಸುಮ್ಮನಾದರೂ ತಪ್ಪಲ್ಲ. ಹೀಗಾಗಿ ಮತಪತ್ರಗಳನ್ನು ಅಭ್ಯರ್ಥಿಗೊಂದು ಕಟ್ಟಿನಂತೆ ಬೇರ್ಪಡಿಸಿಬಿಡಲು ಆಗುವುದಿಲ್ಲ. ಒಂದೊಂದೇ ಮತಪತ್ರ ಬಿಡಿಸಿ, ಹೆಸರು ಕೂಗಿ, ಪಟ್ಟಿಯಲ್ಲಿ ಗೀಟು ಹಾಕಬೇಕು. ನಾಲ್ಕು ಗೀಟಿನ ಮೇಲೆ ಐದನೆಯದು ಅಡ್ಡ. ತಪ್ಪುಗಳು ಹುಟ್ಟುವುದು ಹೆಚ್ಚಾಗಿ ಇಲ್ಲೇ, ಮತ್ತು ಅವುಗಳಲ್ಲಿ ಬಹುಪಾಲು ಮೋಸವಲ್ಲ, ಮಧ್ಯಾಹ್ನದ ಊಟದ ನಂತರದ ಮಂಪರು. ಕೂಗಿದ್ದು ಒಂದು, ಗೀಟು ಬಿದ್ದದ್ದು ಪಕ್ಕದ ಸಾಲಿಗೆ. ನಿಮ್ಮದೂ ಒಂದು ಹಾಳೆ ಇರಲಿ, ಅಭ್ಯರ್ಥಿಗಳ ಹೆಸರುಗಳನ್ನು ಮತಪತ್ರದ ಕ್ರಮದಲ್ಲೇ ಬರೆದುಕೊಂಡು ಜೊತೆಜೊತೆಗೆ ಗೀಟು ಹಾಕುತ್ತಾ ಹೋಗಿ. ವ್ಯತ್ಯಾಸ ಕಂಡ ಕ್ಷಣದಲ್ಲೇ ಹೇಳಿ. ನೂರು ಮತಪತ್ರ ದಾಟಿದ ಮೇಲೆ ಹೇಳಿದರೆ ಇಡೀ ಮೇಜಿನ ಕೋಪ ನಿಮ್ಮ ಮೇಲೆ.

ಕುಲಗೆಟ್ಟ ಮತಗಳ ವಿಚಾರದಲ್ಲಿ ಜಗಳ ಜಾಸ್ತಿ. ಗುರುತೇ ಇಲ್ಲದ್ದು, ಕೊಟ್ಟ ಮೊಹರನ್ನು ಬಿಟ್ಟು ಪೆನ್ನಿನಿಂದಲೋ ಹೆಬ್ಬೆಟ್ಟಿನಿಂದಲೋ ಗುರುತಿಸಿದ್ದು, ಸ್ಥಾನಗಳಿಗಿಂತ ಹೆಚ್ಚು ಜನರಿಗೆ ಒತ್ತಿದ್ದು, ಮತದಾರ ಯಾರೆಂದು ತಿಳಿಯುವಂತೆ ಸಹಿಯನ್ನೋ ಹೆಸರನ್ನೋ ಬರೆದಿದ್ದು, ಇವು ತಿರಸ್ಕೃತ. ಆದರೆ ಗುರುತು ಮಸುಕಾಗಿದೆ ಎಂದೋ, ಒಬ್ಬರ ಚಿಹ್ನೆಯ ಮೇಲೆ ಎರಡು ಸಲ ಒತ್ತಿದ್ದಾರೆ ಎಂದೋ ಮತ ಕೆಡುವುದಿಲ್ಲ, ಮತದಾರನ ಇಂಗಿತ ಸ್ಪಷ್ಟವಾಗಿದ್ದರೆ ಸಾಕು. ಮತಪತ್ರ ಮಡಿಸಿದಾಗ ಹಸಿ ಶಾಯಿ ಎದುರು ಬದಿಗೂ ಅಂಟಿರುತ್ತದೆ. ‘ಇಬ್ಬರಿಗೂ ಒತ್ತಿದ್ದಾರೆ’ ಎಂದು ಯಾರಾದರೂ ಕೂಗುವ ಮೊದಲು ಗುರುತಿನ ದಿಕ್ಕು ನೋಡಿ. ಮೊಹರಿನಿಂದ ಮೂಡುವ ಬಾಣಗಳ ಅಡ್ಡಗುರುತು ಮಡಿಕೆಯಿಂದ ಅಂಟಿದ್ದಾದರೆ ತಿರುಗುಮುರುಗಾಗಿ ಕಾಣುತ್ತದೆ, ಕನ್ನಡಿಯಲ್ಲಿ ಕಂಡಂತೆ. ಅನುಮಾನದ ಮತಪತ್ರದ ಬಗ್ಗೆ ತೀರ್ಮಾನ ಚುನಾವಣಾಧಿಕಾರಿಯದು. ನೀವು ವಾದ ಮಂಡಿಸಬಹುದು. ಮತಪತ್ರವನ್ನು ಮುಟ್ಟುವಂತಿಲ್ಲ, ಬೆರಳೂ ತಗುಲಬಾರದು. ಮೊಬೈಲ್ ಹೊರಗೇ ಬಿಡಬೇಕು.

ಫಲಿತಾಂಶದಲ್ಲಿ ಮೀಸಲಾತಿಯ ಲೆಕ್ಕ ತಿಳಿಯದೆ ಗಲಾಟೆ ಮಾಡುವವರೂ ಇದ್ದಾರೆ. ಬಹುಸದಸ್ಯ ವಾರ್ಡಿನಲ್ಲಿ ಒಂದು ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಗಿದ್ದರೆ ಆ ಸ್ಥಾನಕ್ಕೆ ಆ ವರ್ಗದ ಮಹಿಳಾ ಅಭ್ಯರ್ಥಿಗಳ ಮತಗಳನ್ನು ಮಾತ್ರ ಹೋಲಿಸುತ್ತಾರೆ. ಹೀಗಾಗಿ 180 ಮತ ಪಡೆದವರು ಗೆದ್ದು, 240 ಪಡೆದ ಇನ್ನೊಬ್ಬರು ಸೋಲುವುದು ಸಾಧ್ಯ. ಅದು ಅನ್ಯಾಯವಲ್ಲ, ನಿಯಮ. ಸಮಬಲವಾದರೆ ಚೀಟಿ ಎತ್ತುತ್ತಾರೆ.

ಮರು ಎಣಿಕೆ ಬೇಕಿದ್ದರೆ ಫಲಿತಾಂಶ ಘೋಷಣೆಗೆ ಮೊದಲೇ, ಕಾರಣ ಕೊಟ್ಟು, ಬರವಣಿಗೆಯಲ್ಲಿ ಕೇಳಬೇಕು. ಘೋಷಣೆ ಆಗಿಹೋದರೆ ಉಳಿಯುವುದು ಕೋರ್ಟಿನ ದಾರಿ. ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆಯಡಿ 30 ದಿನಗಳೊಳಗೆ ಚುನಾವಣಾ ಅರ್ಜಿ ಹಾಕಬಹುದು, ಅದನ್ನು ಅಭ್ಯರ್ಥಿಯಷ್ಟೇ ಅಲ್ಲ, ಆ ಕ್ಷೇತ್ರದ ಮತದಾರರೂ ಹಾಕಬಹುದು. ಆದರೆ ‘ಏನೋ ಮೋಸ ಆಗಿದೆ, ಮತಪತ್ರ ತೆಗೆಸಿ ನೋಡಿ’ ಎಂದರೆ ನ್ಯಾಯಾಲಯ ಒಪ್ಪದು. 1964ರಲ್ಲಿ ರಾಮ್ ಸೇವಕ್ ಯಾದವ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೋಘಂ ಆರೋಪಕ್ಕೆ ಮತಪತ್ರಗಳ ಪರಿಶೀಲನೆ ಇಲ್ಲ ಎಂದ ಮೇಲೆ ಅದೇ ಪದ್ಧತಿ ನಡೆದು ಬಂದಿದೆ. ಯಾವ ಮೇಜು, ಎಷ್ಟು ಹೊತ್ತಿಗೆ, ಯಾವ ಬೂತಿನ ಪೆಟ್ಟಿಗೆ, ಎಷ್ಟು ಮತಪತ್ರ, ಏನು ಆಕ್ಷೇಪ, ಅಧಿಕಾರಿ ಏನು ಹೇಳಿದರು, ಇಷ್ಟೂ ನಿಮ್ಮ ಹಾಳೆಯಲ್ಲಿ ಆಗಿಂದಾಗಲೇ ಬರೆದಿರಬೇಕು. ಎರಡು ಪೆನ್ನು ಇಟ್ಟುಕೊಂಡು ಹೋಗಿ.