ಹನ್ನೊಂದು ಗಂಟೆಯ ನೀರು

ಮಕ್ಕಳ ವಿಜ್ಞಾನ ಸಮಾವೇಶದ ಕಾಲ ಬಂತೆಂದರೆ ಕೆರೆಗಳ ಮೇಲಿನ ವರದಿಗಳು ನನ್ನ ಮೇಜಿನ ಮೇಲೆ ಬಂದು ಕೂರುತ್ತವೆ. ಕಲಬುರಗಿಯವರಿಗೆ ಶರಣಬಸವೇಶ್ವರ ಕೆರೆ ಹತ್ತಿರ, ಹಳ್ಳಿಯವರಿಗೆ ಊರ ಮುಂದಿನ ಕೆರೆ. ಬಹುತೇಕ ವರದಿಗಳ ತೀರ್ಮಾನ ಮೊದಲ ಪುಟದಲ್ಲೇ ಮುಗಿದಿರುತ್ತದೆ: ಕೆರೆ ಕಲುಷಿತವಾಗಿದೆ, ಜನರಿಗೆ ಅರಿವಿಲ್ಲ. ದಡದ ಪ್ಲಾಸ್ಟಿಕ್ ಚೀಲಗಳ ಫೋಟೊಗಳೇ ಸಾಕ್ಷಿ. ಆದರೆ ಒಳಗಿನ ಕೋಷ್ಟಕ ಬೇರೆಯೇ ಮಾತನಾಡುತ್ತದೆ. ಹಸಿರುಗಟ್ಟಿದ ಅದೇ ನೀರಿನಲ್ಲಿ ಕರಗಿದ ಆಮ್ಲಜನಕ ಲೀಟರಿಗೆ 9 ಮಿಲಿಗ್ರಾಂ! ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಮೀನುಗಾರಿಕೆಗೆ ಕೇಳುವುದು ಕನಿಷ್ಠ 4 ಮಿಲಿಗ್ರಾಂ ಮಾತ್ರ. ಹೀಗಾದಾಗ ಗಾಬರಿಯಿಂದ ಅಂಕಿಯನ್ನೇ ತಿದ್ದುವ ವಿದ್ಯಾರ್ಥಿಗಳಿದ್ದಾರೆ.

ತಿದ್ದಬೇಕಾಗಿಲ್ಲ. ಅಂಕಿ ಸರಿ, ಹೊತ್ತು ತಪ್ಪು. ಪ್ರಾರ್ಥನೆ, ಹಾಜರಿ ಮುಗಿಸಿ ಮಕ್ಕಳು ಕೆರೆ ತಲುಪುವಾಗ ಹನ್ನೊಂದು ಗಂಟೆ. ಬಿಸಿಲಿಗೆ ಪಾಚಿ ಅಷ್ಟು ಹೊತ್ತಿಗೆ ಆಹಾರ ತಯಾರಿಸುತ್ತ, ಆಮ್ಲಜನಕವನ್ನು ನೀರಿಗೆ ಬಿಡುತ್ತಿರುತ್ತದೆ. ಇಂಗಾಲದ ಡೈ ಆಕ್ಸೈಡ್ ಖರ್ಚಾಗುವುದರಿಂದ ನೀರು ಆಮ್ಲೀಯವೋ ಕ್ಷಾರೀಯವೋ ಎಂದು ಹೇಳುವ ಪಿಎಚ್ ಅಂಕಿ ಕೂಡ ಏರುತ್ತದೆ. ಕತ್ತಲಾದ ಮೇಲೆ ಇದೇ ಪಾಚಿ ಆಮ್ಲಜನಕವನ್ನು ಉಸಿರಾಡಿ ಖಾಲಿ ಮಾಡುತ್ತದೆ; ತಳದ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳೂ ಕೈಜೋಡಿಸುತ್ತವೆ. ಆಮ್ಲಜನಕ ತೀರಾ ಕೆಳಗಿಳಿಯುವುದು ಸೂರ್ಯೋದಯಕ್ಕೆ ಸ್ವಲ್ಪ ಮುಂಚೆ. ಮೋಡ ಕವಿದ ದಿನದ ಮರು ಬೆಳಗ್ಗೆ ಮೀನುಗಳು ಸತ್ತು ತೇಲುವುದಕ್ಕೆ ಎಷ್ಟೋ ಸಲ ಇದೇ ಕಾರಣ; ಊರಿನವರು ಮಾತ್ರ ಯಾರೋ ವಿಷ ಹಾಕಿದರೆಂದು ಜಗಳಕ್ಕೆ ನಿಲ್ಲುತ್ತಾರೆ. ಬೆಳಗಿನ ಮತ್ತು ಮಧ್ಯಾಹ್ನದ ಅಂಕಿಗಳ ನಡುವೆ ಅಂತರ ಹೆಚ್ಚಿದ್ದಷ್ಟೂ ಕೆರೆಯಲ್ಲಿ ಪಾಚಿಯ ಕಾರುಬಾರು ಹೆಚ್ಚು ಎಂದು ತಿಳಿಯಬೇಕು.

ನೀರು ತುಂಬುವ ಬಗೆಗೂ ಒಂದು ಮಾತು. ಕುಡಿಯುವ ನೀರಿನ ಖಾಲಿ ಬಾಟಲಿಯಲ್ಲಿ ಅರ್ಧ ತುಂಬಿಸಿ, ಬಸ್ಸಿನಲ್ಲಿ ಕುಲುಕಿಸಿಕೊಂಡು ಬಂದ ನೀರಿನ ಆಮ್ಲಜನಕ ಅಳೆದರೆ ಅದು ಕೆರೆಯದ್ದಲ್ಲ, ಬಸ್ಸಿನದ್ದು. ಗಾಜಿನ ಬಾಟಲಿಯನ್ನು ಗುಳ್ಳೆಯಿಲ್ಲದಂತೆ ತುಂಬಿಸಿ, ದಡದಲ್ಲೇ ಮ್ಯಾಂಗನೀಸ್ ಸಲ್ಫೇಟ್ ಮತ್ತು ಕ್ಷಾರೀಯ ಅಯೋಡೈಡ್ ಹಾಕಬೇಕು. ಕಂದು ಗಸಿ ಕುಳಿತರೆ ಆಮ್ಲಜನಕ ಇದೆ. ಬಿಳಿಯಾಗಿಯೇ ಉಳಿದರೆ ಇಲ್ಲ. ಆ ಬಿಳಿ ಗಸಿಯನ್ನು ಒಮ್ಮೆ ಕಂಡ ವಿದ್ಯಾರ್ಥಿಗೆ ಭಾಷಣ ಬೇಕಿಲ್ಲ.

ನಮ್ಮ ಭಾಗದ ನೆಲವೂ ಅಂಕಿಗಳಲ್ಲಿ ಕೈಯಾಡಿಸುತ್ತದೆ. ಮಳೆಗಾಲದಲ್ಲಿ ಎರೆ ಹೊಲಗಳ ಮಣ್ಣು ಕಲಸಿದ ನೀರು ಕೆರೆಗೆ ಇಳಿದರೆ ಪಾರದರ್ಶಕತೆ ಕುಸಿಯುತ್ತದೆ. ಅದು ಕೊಳಚೆಯಲ್ಲ, ಮಣ್ಣು. ಸೇಡಂ, ಚಿತ್ತಾಪುರ, ಶಹಾಬಾದ್ ಕಡೆ ಸುಣ್ಣಕಲ್ಲಿನ ನೆಲವಾದ್ದರಿಂದ ನೀರು ಸಹಜವಾಗಿಯೇ ಗಡುಸು, ಅಂದರೆ ಅದರಲ್ಲಿ ಸುಣ್ಣದ ಲವಣಗಳು ಹೆಚ್ಚು. ಬೀದರಿನ ಜಂಬಿಟ್ಟಿಗೆ ನೆಲದ ಕೆರೆಯೊಂದಿಗೆ ಇದನ್ನು ಹೋಲಿಸಿ ‘ಹೆಚ್ಚು ಮಲಿನ’ ಎಂದು ಬರೆಯುವುದು ಅನ್ಯಾಯ.

ಇನ್ನು ಕಸ. ಫೋಟೊದಲ್ಲಿ ಬೀಳುವ ಕಸಕ್ಕಿಂತ ಬೀಳದ ಕಸವೇ ಕೆರೆಯನ್ನು ಹೆಚ್ಚು ಕೆಡಿಸುತ್ತದೆ ಎಂಬುದು ನನ್ನ ಅಭಿಪ್ರಾಯ. ಪ್ಲಾಸ್ಟಿಕ್ ಚೀಲ ನಾಲಾ ಕಟ್ಟಿಕೊಳ್ಳುವಂತೆ ಮಾಡುತ್ತದೆ, ದನದ ಹೊಟ್ಟೆ ಸೇರುತ್ತದೆ. ಆದರೆ ಪಾಚಿಗೆ ಗೊಬ್ಬರ ಅದರಿಂದ ಸಿಗುವುದಿಲ್ಲ. ಆ ಗೊಬ್ಬರ ಬರುವುದು ಚರಂಡಿ ನೀರಿನಿಂದ, ಕೊಳೆತ ತರಕಾರಿಯ ರಸದಿಂದ, ಸಗಣಿಯಿಂದ. ಒಂದು ಗ್ರಾಂ ರಂಜಕಕ್ಕೆ ಒಣ ತೂಕದಲ್ಲಿ ಸುಮಾರು ನೂರು ಗ್ರಾಂ ಪಾಚಿ ಬೆಳೆಯಬಲ್ಲದು. ಆದ್ದರಿಂದ ದಡದಲ್ಲಿ ಚೀಲ ಎಣಿಸಿ ಹಿಂತಿರುಗುವ ಬದಲು ನಾಲಾದ ಜಾಡು ಹಿಡಿದು ಮೇಲಕ್ಕೆ ನಡೆಯಬೇಕು. ಯಾವ ಬಡಾವಣೆಯ ಬಚ್ಚಲು ನೀರು ಸೇರುತ್ತಿದೆ, ಸಂತೆಯ ಕಸ ಎಲ್ಲಿ ಸುರಿಯುತ್ತಿದೆ, ಯಾವ ತಿರುವಿಗೆ ಕಸದ ಗಾಡಿ ಬರುವುದೇ ಇಲ್ಲ? ಈ ಕೊನೆಯ ಪ್ರಶ್ನೆಗೆ ಪೌರಕಾರ್ಮಿಕರಷ್ಟು ನಿಖರವಾಗಿ ಯಾರೂ ಉತ್ತರಿಸಲಾರರು, ಆದರೂ ವರದಿಗಳ ಸಂದರ್ಶನ ಪಟ್ಟಿಯಲ್ಲಿ ಅವರು ಕಾಣುವುದು ಅಪರೂಪ. ಅಧ್ಯಕ್ಷರು, ಮುಖ್ಯೋಪಾಧ್ಯಾಯರು ಮಾತ್ರ ತಪ್ಪದೇ ಇರುತ್ತಾರೆ.

ಕಸವನ್ನು ಕಣ್ಣಳತೆಯಲ್ಲಿ ಬರೆಯಬಾರದು, ತೂಗಬೇಕು. 2016ರ ಘನತ್ಯಾಜ್ಯ ನಿಯಮಗಳು ಮನೆಯಲ್ಲೇ ಹಸಿ, ಒಣ, ಅಪಾಯಕಾರಿ ಎಂದು ಮೂರಾಗಿ ಬೇರ್ಪಡಿಸಲು ಹೇಳಿದವು. ಒಪ್ಪಿಕೊಂಡ ಹತ್ತು ಮನೆಗಳ ಕಸವನ್ನು ಒಂದು ವಾರ ಹೀಗೆ ವಿಂಗಡಿಸಿ ತಕ್ಕಡಿಗೆ ಹಾಕಿದರೆ ಚೀಲ ತುಂಬಾ ಜಾಗ ತಿನ್ನುವ ಪ್ಲಾಸ್ಟಿಕ್ ತೂಕಕ್ಕೆ ಹಗುರ, ಹಸಿಕಸ ಭಾರ ಎಂಬುದು ಮಕ್ಕಳಿಗೆ ತಾನಾಗಿ ತಿಳಿಯುತ್ತದೆ. ಕೈಗವಸು ಕಡ್ಡಾಯ. ಬ್ಲೇಡು, ಸೂಜಿ, ಡೈಪರ್ ಇರುವ ಚೀಲವನ್ನು ಮಕ್ಕಳು ಮುಟ್ಟಲೇಬಾರದು.

ರಾಸಾಯನಿಕಗಳಿಗೆ ದುಡ್ಡಿಲ್ಲದ ಶಾಲೆಗಳು ಕೈಚೆಲ್ಲಬೇಕಾಗಿಲ್ಲ. ಜರಡಿಯಿಂದ ದಡದ ಕೆಸರನ್ನು ಸೋಸಿ ಬಿಳಿ ತಟ್ಟೆಗೆ ಹಾಕಿದರೆ ಸಾಕು. ಕೆಂಪು ದಾರದ ತುಂಡಿನಂಥ ಹುಳುಗಳೇ ತುಂಬಿದ್ದರೆ ಅಲ್ಲಿ ಆಮ್ಲಜನಕ ಕಡಿಮೆ ಎಂಬ ಗುಮಾನಿ ಸರಿ. ಅವುಗಳ ಮೈಯಲ್ಲಿರುವ ಹಿಮೋಗ್ಲೋಬಿನ್ ಅಂಥ ಕಡೆಯೂ ಬದುಕಲು ನೆರವಾಗುತ್ತದೆ. ಬಗೆಬಗೆಯ ಮರಿಹುಳುಗಳು ಸಿಕ್ಕರೆ ಕೆರೆಗೆ ಇನ್ನೂ ಜೀವವಿದೆ. ಒಂದು ಗಂಟೆ ನಿಂತು ಅಳೆದ ಅಂಕಿಗಿಂತ ಈ ಹುಳುಗಳ ಸಾಕ್ಷ್ಯ ಗಟ್ಟಿ, ಏಕೆಂದರೆ ಅವು ಅಲ್ಲೇ ವಾರಗಟ್ಟಲೆ ಬದುಕಿವೆ.

ಶಾಲೆಗೆ ಒಂದೇ ದಿನ ಸಿಕ್ಕರೆ ನಾನು ಹೇಳುವುದಿಷ್ಟು: ಹತ್ತು ಜಾಗ, ಹತ್ತು ಪರೀಕ್ಷೆ ಬೇಡ. ನಾಲಾ ಸೇರುವ ಬಾಯಿ ಮತ್ತು ಅದರ ಎದುರು ದಡ, ಈ ಎರಡು ಕಡೆ ಮಾತ್ರ, ಶಿಕ್ಷಕರ ಜೊತೆಯಲ್ಲಿ ಹೊತ್ತು ಮೂಡುವ ಮುನ್ನ ಒಮ್ಮೆ, ಮಧ್ಯಾಹ್ನ ಮೂರಕ್ಕೆ ಒಮ್ಮೆ ನೀರು ತೆಗೆಯಿರಿ. ವರದಿಯ ಕೋಷ್ಟಕದಲ್ಲಿ ಪ್ರತಿ ಅಂಕಿಯ ಪಕ್ಕ ಗಂಟೆ, ನೀರಿನ ಉಷ್ಣಾಂಶ, ಹಿಂದಿನ ದಿನದ ಮೋಡ ಮಳೆ ಬರೆಯಿರಿ. ಅದರ ಒಂದು ಪ್ರತಿಯನ್ನು ಶಾಲೆಯಲ್ಲೇ ಇಡಿ. ಮುಂದಿನ ವರ್ಷದ ತಂಡ ಅದೇ ಜಾಗದಲ್ಲಿ, ಅದೇ ಹೊತ್ತಿಗೆ ನಿಂತು ಅಳೆಯಲಿ.