ಸುಕ್ಕು ಬಿಡಿಸುವುದು ಬಿಸಿಯೋ, ನೀರೋ?

ಇಸ್ತ್ರಿ ಅಂಗಡಿಯವರು ಹತ್ತಿ ಅಂಗಿಯನ್ನು ಹರವಿದ ಕೂಡಲೇ ಪೆಟ್ಟಿಗೆಗೆ ಕೈ ಹಾಕುವುದಿಲ್ಲ. ಮೊದಲು ನೀರು ಚಿಮುಕಿಸುತ್ತಾರೆ. ಅರ್ಧ ಕೆಲಸ ಆಗುವುದೇ ಆ ನೀರಿನಿಂದ.

ಹತ್ತಿ ಎಂದರೆ ಬಹುಪಾಲು ಸೆಲ್ಯುಲೋಸ್. ಅದರ ಉದ್ದುದ್ದ ಅಣುಸರಪಳಿಗಳನ್ನು ಹೈಡ್ರೋಜನ್ ಬಂಧಗಳು ಹಿಡಿದಿಟ್ಟಿರುತ್ತವೆ. ಒಗೆದ ಬಟ್ಟೆ ಮುದುಡಿಕೊಂಡೇ ಒಣಗಿದರೆ ಬಂಧಗಳು ಆ ಭಂಗಿಯಲ್ಲೇ ಗಟ್ಟಿಯಾಗುತ್ತವೆ. ಸುಕ್ಕು ಅಂದರೆ ಇಷ್ಟೇ. ಪೂರ್ತಿ ಒಣಗಿದ ಸೆಲ್ಯುಲೋಸ್ ಬರೀ ಬಿಸಿಗೆ ಮೆತ್ತಗಾಗಬೇಕಾದರೆ 200 ಡಿಗ್ರಿ ಸೆಲ್ಸಿಯಸ್ ದಾಟಬೇಕು. ಅಷ್ಟರಲ್ಲಿ ಬಟ್ಟೆಯೇ ಕಂದತೊಡಗುತ್ತದೆ. ಅದೇ ಸರಪಳಿಗಳ ನಡುವೆ ನೀರು ನುಸುಳಿತೋ, ಬಂಧಗಳು ತೀರಾ ಕಡಿಮೆ ಬಿಸಿಗೇ ಸಡಿಲುತ್ತವೆ. ಪೆಟ್ಟಿಗೆಯ ಭಾರಕ್ಕೆ ನೂಲು ನೆಟ್ಟಗಾಗುತ್ತದೆ, ಬಿಸಿಗೆ ನೀರು ಆವಿಯಾಗುತ್ತದೆ, ಬಂಧಗಳು ಹೊಸ ಭಂಗಿಯಲ್ಲಿ ಕೂಡಿಕೊಳ್ಳುತ್ತವೆ. ಆದ್ದರಿಂದ ಹತ್ತಿ ಬಟ್ಟೆ ಹದವಾಗಿ ಒದ್ದೆಯಿರುವಾಗ ಶುರು ಮಾಡಬೇಕು, ಪೂರ್ತಿ ಒಣಗುವವರೆಗೂ ಉಜ್ಜಬೇಕು. ಹಸಿಬಿಸಿ ಇರುವಾಗಲೇ ತೊಟ್ಟು ಹೊರಟರೆ ಮೊಣಕೈ ಮಡಿಸಿದಲ್ಲೆಲ್ಲ ಹೊಸ ಸುಕ್ಕು. ಮಳೆಗಾಲದ ಮಂಗಳೂರಿನಲ್ಲಿ ಗರಿಗರಿ ಅಂಗಿ ಮಧ್ಯಾಹ್ನದೊಳಗೆ ಮುದುಡುವುದಕ್ಕೂ ಇದೇ ಕಾರಣ: ಗಾಳಿಯ ತೇವ, ಮೈಯ ಬೆವರು ಎರಡೂ ಬಂಧ ಸಡಿಲಿಸುತ್ತವೆ.

ಪಾಲಿಯೆಸ್ಟರ್‌ನ ಕಥೆ ಬೇರೆ. ಅದು ನೀರನ್ನು ಹೀರುವುದೇ ಅಪರೂಪ. ಆದರೆ ಸುಮಾರು 70–80 ಡಿಗ್ರಿಗೇ ಅದರ ಸರಪಳಿಗಳು ಅಲುಗಾಡತೊಡಗುತ್ತವೆ. 250 ದಾಟಿದರೆ ನೂಲು ಕರಗಿಯೇ ಹೋಗುತ್ತದೆ. ಕರಗುವ ಮೊದಲೇ ಇನ್ನೊಂದು ಹಾನಿ ಉಂಟು: ಜೋರು ಬಿಸಿಯಲ್ಲಿ ಒತ್ತಿದಾಗ ದುಂಡಗಿನ ಎಳೆ ಚಪ್ಪಟೆಯಾಗಿ, ಆ ಜಾಗ ಹೊಳೆಯುತ್ತದೆ. ಕಪ್ಪು ಪ್ಯಾಂಟಿನ ಮಂಡಿಯ ಮೇಲೆ ಕಾಣುವ ಆ ಹೊಳಪು ಎಷ್ಟು ಒಗೆದರೂ ಹೋಗದು. ಒಳಮೈ ಹೊರಗೆ ಮಾಡಿ, ಕಡಿಮೆ ಬಿಸಿಯಲ್ಲಿ ಹಾಕುವುದೇ ಸರಿ. ಹತ್ತಿ ಬೆರೆತ ಟೆರಿಕಾಟ್‌ಗೂ ಪಾಲಿಯೆಸ್ಟರ್‌ನ ಲೆಕ್ಕವೇ.

ರೇಷ್ಮೆ ಪ್ರೋಟೀನು. ಹೆಚ್ಚು ಬಿಸಿಗೆ ಹಳದಿಯಾಗಿ ಪೆಡಸಾಗುತ್ತದೆ. ನೇರ ನೀರು ಚಿಮುಕಿಸಿದರೆ ಹನಿಯ ಗುರುತು ಉಳಿಯಬಹುದು. ಮೈಸೂರು ರೇಷ್ಮೆ ಸೀರೆಯಾದರೆ ಜರಿಯ ಚಿಂತೆಯೂ ಸೇರುತ್ತದೆ. ಸೀರೆ ತಿರುವಿ ಹಾಕಿ, ಮೇಲೊಂದು ತೆಳು ಹತ್ತಿಬಟ್ಟೆ ಹಾಸಿ, ಪೆಟ್ಟಿಗೆಯನ್ನು ಎಳೆದಾಡದೆ ಒತ್ತಿ ಎತ್ತಬೇಕು.

ಬಟ್ಟೆಯ ಚೀಟಿಯಲ್ಲಿರುವ ಪೆಟ್ಟಿಗೆ ಚಿತ್ರದೊಳಗಿನ ಚುಕ್ಕಿಗಳನ್ನು ಯಾರೂ ನೋಡುವುದಿಲ್ಲ. ಒಂದು ಚುಕ್ಕಿ ಎಂದರೆ ಪೆಟ್ಟಿಗೆಯ ತಳ ಸುಮಾರು 110 ಡಿಗ್ರಿ ಮೀರಬಾರದು, ಎರಡಕ್ಕೆ ಸುಮಾರು 150, ಮೂರಕ್ಕೆ ಸುಮಾರು 200. ಪೆಟ್ಟಿಗೆ ಬೇಗ ಕಾಯುತ್ತದೆ, ನಿಧಾನ ಆರುತ್ತದೆ. ಹಾಗಾಗಿ ಒಂದು ಚುಕ್ಕಿಯ ಬಟ್ಟೆಗಳನ್ನು ಮೊದಲು ಮುಗಿಸಿ, ಹತ್ತಿಯನ್ನು ಕೊನೆಗಿಟ್ಟುಕೊಳ್ಳಿ.

ಪೆಟ್ಟಿಗೆಯ ಕೆಂಪು ದೀಪ ಆರಿದರೆ ತಣ್ಣಗಾಯಿತು ಎಂದು ಹಲವರು ನಂಬುತ್ತಾರೆ. ಒಳಗೆ ಎರಡು ಲೋಹಗಳ ಬೆಸೆದ ಪಟ್ಟಿಯಿರುತ್ತದೆ. ಕಾದಾಗ ಒಂದು ಲೋಹ ಹೆಚ್ಚು ಹಿಗ್ಗಿ ಪಟ್ಟಿ ಬಾಗುತ್ತದೆ, ‘ಟಿಕ್’ ಎಂದು ವಿದ್ಯುತ್ ಕಡಿಯುತ್ತದೆ. ಅಂದರೆ ದೀಪ ಆರುವುದು ನೀವು ಕೇಳಿದಷ್ಟು ಬಿಸಿ ತುಂಬಿದಾಗ! ಮುಟ್ಟಬೇಡಿ. ಸ್ಟೀಮ್ ಪೆಟ್ಟಿಗೆಗೆ ನೀರು ತುಂಬುವಾಗ ಪ್ಲಗ್ ಕಿತ್ತಿರಲಿ. ಹೊರಮೈ ಲೋಹದ್ದಾಗಿದ್ದರೆ ಮೂರು ಪಿನ್ನಿನ ಪ್ಲಗ್ಗನ್ನು ಎರಡು ಪಿನ್ನಿಗೆ ಬದಲಾಯಿಸಲೇಬೇಡಿ. ಒಳಗಿನ ತಂತಿ ಸಡಿಲಗೊಂಡು ಹೊರಮೈಗೆ ತಗುಲಿದ ದಿನ ಕಾಯುವುದು ಆ ಮೂರನೇ ಪಿನ್ನಿನ ಅರ್ಥಿಂಗ್, ಅಂದರೆ ವಿದ್ಯುತ್ತನ್ನು ನೆಲಕ್ಕೆ ಹರಿಸುವ ತಂತಿ.